ಹಳೆಯ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್: ಮಿತವ್ಯಯದ ಒಂದು ಚಿಕಿತ್ಸೆ

(ನಮ್ಮ ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಲವು ವರ್ಷಗಳಿಂದ ಇದೇ ವೇದಿಕೆಯ ಮೇಲೆ ನಿಂತು ಮಧುಮೇಹ, ರಕ್ತದೊತ್ತಡ, ಕೊಲೆಸ್ಟರಾಲ್ ಎಂಬ ತ್ರಿಮೂರ್ತಿಗಳ ಗುಣಗಾನ ಮಾಡಿ, ಹೋಳಿಗೆ ಬಡಿಸುವುದಕ್ಕೆ ಸರಿಯಾಗಿ ಅರ್ಧ ಗಂಟೆ ಮುಂಚೆ ನಿಮ್ಮ ಹಸಿವನ್ನು ಕೆಡಿಸಿದ ಅಪಖ್ಯಾತಿ ನನ್ನದು. ಈ ಸಲ ಕಾರ್ಯದರ್ಶಿಗಳು ಬೇರೆ ಏನಾದರೂ ಮಾತನಾಡಿದರೆ ಚೆನ್ನಾಗಿತ್ತು ಎಂದು ಬಹಳ ಮೃದುವಾಗಿ ಸೂಚಿಸಿದರು. ನಮ್ಮ ಕೂಟದ ಮೂರು ನಾಲ್ಕು ಮನೆಗಳಲ್ಲಿ ಮಕ್ಕಳು ಹಳೆಯ ಗಣಕಯಂತ್ರವನ್ನು ತೋರಿಸಿ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ತಂದೆತಾಯಿಗಳನ್ನು ಕಾಡುತ್ತಿರುವುದೂ, ಆ ತಂದೆತಾಯಿಗಳು ನನ್ನನ್ನು ದೂರವಾಣಿಯಲ್ಲಿ ಕೇಳುತ್ತಿರುವುದೂ ಅವರಿಗೆ ಗೊತ್ತಿತ್ತು. ಅದನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಈ ಶಾಸ್ತ್ರದಲ್ಲಿ ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ಪೆಟ್ಟು ತಿಂದು ಗುಣಮುಖನಾದ ರೋಗಿ ಎಂಬುದಷ್ಟೇ ನನ್ನ ಅರ್ಹತೆ.

ಪೆಟ್ಟು ಹೇಗೆ ಬಿತ್ತೆಂದು ಹೇಳಿಬಿಡುತ್ತೇನೆ. 2023ರ ಬೇಸಿಗೆಯಲ್ಲಿ ನನ್ನ ಮಗ ಸಾಗರದಲ್ಲಿ ಅಜ್ಜಿಯ ಮನೆಯಲ್ಲಿ ಒಂದು ತಿಂಗಳಿದ್ದ. ಅಜ್ಜಿಯ ತವರೂರು ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದ ಹಳ್ಳಿಗಳಲ್ಲೊಂದು. 1964ರಲ್ಲಿ ಅಣೆಕಟ್ಟು ಮುಗಿಯುವ ಮುಂಚಿನ ಆ ಊರಿನ ಮನೆ, ತೋಟ, ದಾರಿ, ದೇವಸ್ಥಾನ ಎಲ್ಲವನ್ನೂ ಆಕೆ ಮೊಮ್ಮಗನಿಗೆ ದಿನಕ್ಕೊಂದಿಷ್ಟು ಹೇಳಿದರು; ಅವನು ತನ್ನ ದೂರವಾಣಿಯಲ್ಲಿಯೇ ಅದನ್ನೆಲ್ಲ ಚಿತ್ರೀಕರಿಸಿಕೊಂಡ. ಒಟ್ಟು ಆರು ಗಂಟೆಯಷ್ಟು ಚಿತ್ರ. ಆ ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು. ವರ್ಷಾಂತಿಕಕ್ಕೆ ಬರುವ ಬಂಧುಗಳಿಗೆ ತೋರಿಸಲೆಂದು ಮಗ ಆ ಚಿತ್ರಗಳನ್ನು ಜೋಡಿಸಿ ಒಂದು ಸಾಕ್ಷ್ಯಚಿತ್ರ ಮಾಡಹೊರಟ. ನಮ್ಮ ಮನೆಯ ಗಣಕಯಂತ್ರವೋ, ಕಚೇರಿಯೊಂದು ವಿಲೇವಾರಿ ಮಾಡಿದ್ದನ್ನು ಅಗ್ಗಕ್ಕೆ ಕೊಂಡು ತಂದದ್ದು: 2014ರ ಇಂಟೆಲ್ ಐ5-4590 ಪ್ರೊಸೆಸರ್, 8 ಗಿಗಾಬೈಟ್ ಮೆಮೊರಿ, ಒಂದು ಹಳೆಯ ಹಾರ್ಡ್ ಡಿಸ್ಕ್, 290 ವ್ಯಾಟಿನ ವಿದ್ಯುತ್ ಪೆಟ್ಟಿಗೆ. ಚಿತ್ರ ಓಡಿಸಿದರೆ ಅಜ್ಜಿ ಒಂದು ಮಾತು ಆಡಿ, ಎರಡು ಕ್ಷಣ ಬಾಯಿ ತೆರೆದುಕೊಂಡೇ ನಿಂತು, ಆಮೇಲೆ ನಾಲ್ಕು ಮಾತನ್ನು ಒಟ್ಟಿಗೆ ಆಡುತ್ತಿದ್ದರು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತದೆ ಎಂದ ಮಗ. ಅವನಿಗೆ ಆಟದ ಆಸೆಯೂ ಇತ್ತೆಂಬುದು ನನಗೆ ತಿಳಿಯದ್ದೇನಲ್ಲ.

ನಾನು ಮಾಡಿದ್ದೇನು? ಮೂವತ್ತು ವರ್ಷಗಳಿಂದ ಪರೀಕ್ಷೆಯಿಲ್ಲದೆ ಔಷಧಿ ನುಂಗಬೇಡಿ ಎಂದು ಊರಿಗೆಲ್ಲ ಉಪದೇಶಿಸಿದವನು, ಯಂತ್ರದ ಮುಚ್ಚಳವನ್ನೂ ತೆರೆದು ನೋಡದೆ, ಒಂದು ಸಂಜೆ ಕುಳಿತು 140 ಡಾಲರಿಗೆ ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ತರಿಸಿದೆ. ಅದರ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಈ ಕಾರ್ಡ್ ಎಂಬುದು ಏನು, ಅದರ ಕೆಲಸವೇನು ಎಂಬುದನ್ನು ಸ್ವಲ್ಪ ನೋಡೋಣ.

ನಿಮ್ಮ ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿವೆ. ಗುಣಿಸಿದರೆ 20,73,600. ಸೆಕೆಂಡಿಗೆ 60 ಸಲ ಪರದೆಯನ್ನು ಹೊಸದಾಗಿ ಬರೆಯಬೇಕಾದರೆ ಹನ್ನೆರಡು ಕೋಟಿಗೂ ಮಿಕ್ಕಿ ಬಿಂದುಗಳ ಬಣ್ಣವನ್ನು ನಿರ್ಧರಿಸಬೇಕು. 4ಕೆ ಎಂದು ಕರೆಯುವ ಪರದೆಯಾದರೆ ಇದರ ನಾಲ್ಕರಷ್ಟು. ಪ್ರೊಸೆಸರ್ ಎಂಬುದು ಯಾವ ಕಠಿಣ ಲೆಕ್ಕವನ್ನಾದರೂ ಬಿಡಿಸಬಲ್ಲ ಮಹಾಪಂಡಿತ. ಆದರೆ ನಮ್ಮ ಯಂತ್ರದಲ್ಲಿ ಅಂಥವರು ಇದ್ದದ್ದು ನಾಲ್ಕೇ ಜನ. ಒಂದೊಂದು ಬಿಂದುವಿನ ಲೆಕ್ಕ ಕಠಿಣವೇನಲ್ಲ, ಅಪಾರ ಅಷ್ಟೆ. ಗದ್ದೆ ನಾಟಿಗೆ ನಾಲ್ಕು ಪಂಡಿತರನ್ನು ಇಳಿಸುವುದಕ್ಕಿಂತ, ಹೇಳಿದ್ದೊಂದನ್ನೇ ಒಟ್ಟಾಗಿ ಮಾಡುವ ಎಂಟುನೂರು ಆಳುಗಳನ್ನು ಇಳಿಸುವುದು ಮೇಲು. ಗ್ರಾಫಿಕ್ಸ್ ಕಾರ್ಡ್ ಅಂತಹ ಆಳುಗಳ ಪಡೆ. 2019ರಲ್ಲಿ ಬಂದ, ಅಗ್ಗವೆಂದೇ ಹೆಸರಾದ ಎನ್‌ವಿಡಿಯಾ ಜಿಟಿಎಕ್ಸ್ 1650 ಎಂಬ ಕಾರ್ಡಿನಲ್ಲಿ ಇಂತಹ 896 ಲೆಕ್ಕಿಗರಿದ್ದಾರೆ. ಅವರಿಗೆ ಕುಳಿತು ಕೆಲಸ ಮಾಡಲು ಕಾರ್ಡಿನ ಮೇಲೆಯೇ ಪ್ರತ್ಯೇಕ ಮೆಮೊರಿಯೂ ಇದೆ. ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪ್ರೊಸೆಸರಿನ ಮೂಲೆಯಲ್ಲೇ ಒಂದು ಪುಟ್ಟ ಚಿತ್ರವಿಭಾಗವಿದ್ದು, ಅದು ಯಂತ್ರದ ಸಾಮಾನ್ಯ ಮೆಮೊರಿಯನ್ನೇ ಹಂಚಿಕೊಂಡು ಕಾಲ ಹಾಕುತ್ತದೆ. ಪತ್ರ ಬರೆಯಲು, ಜಾಲ ನೋಡಲು ಅದು ಧಾರಾಳವಾಗಿ ಸಾಕು.

ಈ ಆಳುಗಳ ಪಡೆಯ ಜೊತೆಗೆ ಕಾರ್ಡಿನಲ್ಲಿ ಇನ್ನೊಂದು ಅಂಗವುಂಟು. ಜನ ಅದನ್ನು ಗಮನಿಸುವುದೇ ಇಲ್ಲ. ನಮ್ಮ ಮನೆಯ ರೋಗದ ಮೂಲ ಅಲ್ಲಿಯೇ ಇತ್ತು. ದೂರವಾಣಿಗಳು ಚಿತ್ರವನ್ನು ಇದ್ದಂತೆಯೇ ಇಡುವುದಿಲ್ಲ, ಒತ್ತಿ ಮಡಿಸಿ ಇಡುತ್ತವೆ. ಎಚ್ 265 ಎಂಬ ಮಡಿಸುವ ವಿಧಾನ 2013ರಲ್ಲಿ ಮಾನದಂಡವಾಯಿತು. 2017ರ ನಂತರದ ಐಫೋನುಗಳೂ ಮತ್ತು ಇತರ ಅನೇಕ ದೂರವಾಣಿಗಳೂ ಅದನ್ನು ಬಳಸುತ್ತವೆ. ಅದನ್ನು ಬಿಡಿಸಿ ತೋರಿಸಲು ಹೊಸ ಯಂತ್ರಗಳಲ್ಲಿ ಮೀಸಲಾದ ಮಂಡಲವೊಂದಿದೆ. ನಮ್ಮ 2014ರ ಪ್ರೊಸೆಸರಿನ ಚಿತ್ರವಿಭಾಗಕ್ಕೆ ಎಚ್ 264 ಎಂಬ ಹಿಂದಿನ ಮಡಿಕೆ ಗೊತ್ತಿತ್ತೇ ಹೊರತು ಇದು ಗೊತ್ತಿರಲಿಲ್ಲ. ಆದಕಾರಣ ನಾಲ್ಕೂ ಪಂಡಿತರು ಉಳಿದೆಲ್ಲ ಕೆಲಸ ಬಿಟ್ಟು ಅಜ್ಜಿಯ ಚಿತ್ರದ ಮಡಿಕೆ ಬಿಡಿಸುತ್ತ ಏದುಸಿರು ಬಿಡುತ್ತಿದ್ದರು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯನ್ನು ತೆರೆದರೆ ಪ್ರೊಸೆಸರಿನ ಮಾಪಕ ನೂರಕ್ಕೆ ನೂರು ತೋರಿಸುತ್ತ ನಿಂತಿರುವುದು ಕಾಣುತ್ತಿತ್ತು. ಕಾಸು ಖರ್ಚಿಲ್ಲದ ಆ ಸ್ಟೆತಸ್ಕೋಪನ್ನು ನಾನು ಮೊದಲ ದಿನವೇ ಇಟ್ಟು ನೋಡಿದ್ದರೆ, ನಮಗೆ ಬೇಕಾದದ್ದು ಬಲಿಷ್ಠ ಕಾರ್ಡಲ್ಲ, ಎಚ್ 265 ಬಲ್ಲ ಯಾವುದಾದರೊಂದು ಸಾಮಾನ್ಯ ಕಾರ್ಡ್ ಎಂಬುದು ತಿಳಿಯುತ್ತಿತ್ತು. ಅಷ್ಟೇ ಏಕೆ, ಚಿತ್ರ ಜೋಡಿಸುವ ತಂತ್ರಾಂಶಗಳಲ್ಲಿ ಮೂಲ ಚಿತ್ರದ ಬದಲಿಗೆ ಅದರ ಸಣ್ಣ ಪ್ರತಿಯೊಂದನ್ನು ಇಟ್ಟುಕೊಂಡು ಕೆಲಸ ಮಾಡಿ, ಕಟ್ಟಕಡೆಗೆ ಮೂಲಕ್ಕೆ ಬದಲಿಸುವ ಅನುಕೂಲವಿದೆ. ಪ್ರಾಕ್ಸಿ ಎಂದು ಅದರ ಹೆಸರು. ಅದಕ್ಕೆ ಯಾವ ಕಾರ್ಡೂ ಬೇಡ.

ಈಗ ನನ್ನ 140 ಡಾಲರಿನ ಕತೆ. ಕಾರ್ಡ್ ಬಂತು. ಉದ್ದ ಹತ್ತೂವರೆ ಅಂಗುಲ. ನಮ್ಮ ಪೆಟ್ಟಿಗೆಯಲ್ಲಿ ಒಂಬತ್ತು ಅಂಗುಲಕ್ಕೇ ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬರುತ್ತಿತ್ತು. ನಾನು ಗೂಡನ್ನು ಬಿಚ್ಚಿ ತೆಗೆದು ಡಿಸ್ಕನ್ನು ಪೆಟ್ಟಿಗೆಯ ತಳದಲ್ಲಿ ಒಂದು ರಟ್ಟಿನ ತುಂಡಿನ ಮೇಲೆ ಮಲಗಿಸಿದೆ. ಅಜ್ಜಿಯ ಆರು ಗಂಟೆಯೂ ಆ ಡಿಸ್ಕಿನಲ್ಲಿಯೇ ಇತ್ತು. ಬೇರೆಲ್ಲಿಯೂ ಪ್ರತಿ ಇರಲಿಲ್ಲ. ದೂರವಾಣಿಯಲ್ಲಿ ಜಾಗ ಸಾಲದೆ ಮಗ ಅಲ್ಲಿಂದ ಅಳಿಸಿಬಿಟ್ಟಿದ್ದ. ಆಮೇಲೆ ನೋಡಿದರೆ ಕಾರ್ಡಿನ ಬೆನ್ನಮೇಲೆ ಎಂಟು ಸೂಜಿಗಳ ವಿದ್ಯುತ್ ಕಿಂಡಿ. ನಮ್ಮ ವಿದ್ಯುತ್ ಪೆಟ್ಟಿಗೆಯಲ್ಲಿ ಅದಕ್ಕೆ ಹೊಂದುವ ತಂತಿಯೇ ಇಲ್ಲ. ಮತ್ತೆ 60 ಡಾಲರ್ ಕೊಟ್ಟು 550 ವ್ಯಾಟಿನ ಹೊಸ ವಿದ್ಯುತ್ ಪೆಟ್ಟಿಗೆ ತರಿಸಿದೆ. ಅದರ ಮುಖ್ಯ ತಂತಿಗೆ ಎಲ್ಲೆಡೆ ರೂಢಿಯಲ್ಲಿರುವ 24 ಸೂಜಿಗಳು. ಕಚೇರಿಗೆಂದು ತಯಾರಾದ ನಮ್ಮ ಮದರ್‌ಬೋರ್ಡಿಗೆ ಅದರ ತಯಾರಕರು ತಮ್ಮದೇ ಅಳತೆಯ 8 ಸೂಜಿಗಳ ಕಿಂಡಿ ಇಟ್ಟಿದ್ದರು. ಕೊನೆಗೆ 8 ಡಾಲರಿಗೆ ಒಂದು ಸಂಪರ್ಕತಂತಿ ಸಿಕ್ಕಿತು. ಡಿಸ್ಕುಗಳಿಗೆ ಶಕ್ತಿ ಕೊಡುವ ಸಾಟಾ ತಂತಿಗೆ ಅದನ್ನು ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಕಾರ್ಡಿಗೆ ಬೇಕಾದ ಎಂಟು ಸೂಜಿ. ಇಷ್ಟು ಸುಲಭವಾದ ಪರಿಹಾರವನ್ನು ಮೊದಲೇ ಹುಡುಕಲಿಲ್ಲವಲ್ಲ ಎಂದು ನನ್ನನ್ನೇ ಹಳಿದುಕೊಂಡೆ.

ಲೆಕ್ಕ ಗೊತ್ತಿದ್ದರೆ ಹಳಿದುಕೊಳ್ಳುತ್ತಿರಲಿಲ್ಲ, ಹೆದರುತ್ತಿದ್ದೆ. ಮದರ್‌ಬೋರ್ಡಿನ ಉದ್ದ ಕಿಂಡಿಯಿಂದ ಕಾರ್ಡ್ ಹೆಚ್ಚೆಂದರೆ 75 ವ್ಯಾಟ್ ಎಳೆದುಕೊಳ್ಳಬಹುದು. ಆರು ಸೂಜಿಗಳ ತಂತಿಯಿಂದ ಮತ್ತೆ 75, ಎಂಟು ಸೂಜಿಗಳದಾದರೆ 150. ಸಾಟಾ ತಂತಿಯ 12 ವೋಲ್ಟಿನ ಭಾಗಕ್ಕೆ ಇರುವ ಮಿತಿ 4.5 ಆಂಪಿಯರ್, ಎಂದರೆ 54 ವ್ಯಾಟ್. 54 ಹೊರಬಲ್ಲವನ ತಲೆಯ ಮೇಲೆ 150 ಹೊರಿಸಿದ್ದೆ. ಮಗ ಒಂದು ಆಟ ಹಚ್ಚಿ ಹತ್ತು ನಿಮಿಷವಾಗುವಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ತೆರೆದು ನೋಡಿದರೆ ತಂತಿಯ ತಲೆ ಕರಗಿ ಅಂಟಿಕೊಂಡಿತ್ತು. ಅದೇ ತಂತಿಯ ಇನ್ನೊಂದು ಗೆಣ್ಣಿನಲ್ಲಿ ಡಿಸ್ಕ್. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಮಗ ನನ್ನ ಮೇಲೆ ಕೋಪಿಸಿಕೊಂಡಿದ್ದರೆ ಸಮಾಧಾನವಾಗುತ್ತಿತ್ತು. ಅವನು ಅದನ್ನೂ ಮಾಡಲಿಲ್ಲ.

ಮರುದಿನ ಮಿತ್ರರೊಬ್ಬರು ಡಿಸ್ಕನ್ನು ತಮ್ಮ ಯಂತ್ರಕ್ಕೆ ಜೋಡಿಸಿ ನೋಡಿದರು. ಬದುಕಿತ್ತು. ಮೊದಲು ಎರಡು ಪ್ರತಿ ತೆಗೆದೆವು: ಒಂದು ನಮ್ಮ ಮನೆಯಲ್ಲಿ, ಒಂದು ಅವರ ಮನೆಯಲ್ಲಿ. ಆದುದರಿಂದ, ಯಂತ್ರದ ಮೈಗೆ ಸ್ಕ್ರೂಡ್ರೈವರ್ ತಾಗಿಸುವ ಮುಂಚೆ ಅದರಲ್ಲಿರುವ ಫೋಟೋ, ಚಿತ್ರ, ಕಾಗದಪತ್ರಗಳ ಪ್ರತಿ ಹೊರಗೆ ಇರಲಿ ಎಂದು ಈ ಸಭೆಯಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಉಳಿದದ್ದೆಲ್ಲ ದುಡ್ಡಿನ ನಷ್ಟ.

ಎರಡನೆಯ ಸಲ ವೈದ್ಯನಂತೆಯೇ ನಡೆದುಕೊಂಡೆ. ಯಂತ್ರ ಆರಿಸಿ, ಗೋಡೆಯ ತಂತಿ ತೆಗೆದು, ಪಕ್ಕದ ಮುಚ್ಚಳ ತೆರೆದು, ಮೊದಲು ವಿದ್ಯುತ್ ಪೆಟ್ಟಿಗೆಯ ಮೇಲಿನ ಚೀಟಿ ಓದಿದೆ. ಪ್ರೊಸೆಸರಿಗೆ 84 ವ್ಯಾಟ್. ಡಿಸ್ಕ್, ಪಂಖ, ಮೆಮೊರಿ ಮುಂತಾದವಕ್ಕೆ ಸುಮಾರು 50. 290 ವ್ಯಾಟಿನ ಪೆಟ್ಟಿಗೆಯನ್ನು ಹತ್ತು ವರ್ಷದ ವಯಸ್ಸಿನಲ್ಲಿ ಕೊನೆಯ ವ್ಯಾಟಿನ ತನಕ ದುಡಿಸುವುದು, ಎಪ್ಪತ್ತು ದಾಟಿದವರನ್ನು ಬೆಟ್ಟ ಹತ್ತಿಸಿದಂತೆ. ಆದಕಾರಣ ಕಿಂಡಿಯಿಂದಲೇ ಉಣ್ಣುವ, ಪ್ರತ್ಯೇಕ ತಂತಿ ಕೇಳದ, 75 ವ್ಯಾಟಿನ ಒಳಗಿನ ಕಾರ್ಡ್ ಮಾತ್ರ ನಮಗೆ ಪಥ್ಯ. ಅನಂತರ ಟೇಪು ಹಿಡಿದು ಅಳೆದೆ. ಉದ್ದ ಎಷ್ಟು, ದಪ್ಪ ಎಷ್ಟು, ಪಕ್ಕದ ಕಿಂಡಿಗೆ ಜಾಗ ಉಳಿಯುತ್ತದೆಯೇ. ಕಚೇರಿ ಯಂತ್ರಗಳಲ್ಲಿ ಪುಸ್ತಕದಂತೆ ತೆಳ್ಳಗಿನ ಬಗೆಯೊಂದಿದೆ. ಅದರೊಳಗೆ ಸಾಮಾನ್ಯ ಕಾರ್ಡ್ ನಿಲ್ಲುವುದೇ ಇಲ್ಲ. ಸಾಮಾನ್ಯ ಕಾರ್ಡಿನ ಹಿಂಬದಿಯ ಲೋಹದ ಪಟ್ಟಿ ಸುಮಾರು 12 ಸೆಂಟಿಮೀಟರ್, ತೆಳು ಪೆಟ್ಟಿಗೆಗೆ ಬೇಕಾದದ್ದು ಸುಮಾರು 8. ಲೋ ಪ್ರೊಫೈಲ್ ಎಂದು ಕೇಳಿಯೇ ಕೊಳ್ಳಬೇಕು, ಆ ಗಿಡ್ಡ ಪಟ್ಟಿ ಜೊತೆಗಿದೆಯೇ ಎಂಬುದನ್ನೂ ಕೇಳಬೇಕು.

ಮುಂದಿನ ಪ್ರಶ್ನೆ ಪ್ರೊಸೆಸರಿನದು. ಆಟಕ್ಕೆಂದು ಕಾರ್ಡ್ ಕೊಳ್ಳುವವರಿಗೆ ಇದು ಮುಖ್ಯ. ಆಳುಗಳ ಪಡೆಗೆ ಏನು ಮಾಡಬೇಕೆಂದು ಹೇಳುವವರು ಪಂಡಿತರೇ ಆದ್ದರಿಂದ, ಹೇಳುವವರು ನಿಧಾನವಾದರೆ ಎಷ್ಟು ಆಳಿದ್ದರೂ ಕೈಕಟ್ಟಿ ನಿಲ್ಲುತ್ತಾರೆ. ಇದನ್ನು ಪತ್ತೆಹಚ್ಚಲು ನಮ್ಮ ಟ್ರೆಡ್‌ಮಿಲ್ ಪರೀಕ್ಷೆಯಂಥದೇ ಒಂದು ಪರೀಕ್ಷೆಯಿದೆ. ಮಗುವಿನ ಇಷ್ಟದ ಆಟವನ್ನು ಓಡಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಆಟದ ಬಿಂದುಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ದುರ್ಬಲವಾಗಿರುವುದು ಚಿತ್ರವಿಭಾಗ, ಹೊಸ ಕಾರ್ಡಿನಿಂದ ಗುಣ ಕಂಡೀತು. ಏರದೆ ಅಲ್ಲಿಯೇ ನಿಂತರೆ ಪ್ರೊಸೆಸರೋ ಮೆಮೊರಿಯೋ ಅಡ್ಡಿಯಾಗಿದೆ, ಐನೂರು ಡಾಲರಿನ ಕಾರ್ಡ್ ಹಾಕಿದರೂ ಫಲವಿಲ್ಲ. ನಮ್ಮ ಯಂತ್ರದಲ್ಲಿ 8 ಗಿಗಾಬೈಟಿನ ಮೆಮೊರಿ ಒಂದೇ ಪಟ್ಟಿಯಾಗಿ ಒಂದೇ ಕಿಂಡಿಯಲ್ಲಿತ್ತು. ಜೋಡಿ ಪಟ್ಟಿಗಳಿದ್ದರೆ ಮೆಮೊರಿಯ ದಾರಿ ಎರಡಾಗುತ್ತದೆ. ಅಂಥದೇ ಇನ್ನೊಂದು ಹಳೆಯ ಪಟ್ಟಿ 12 ಡಾಲರಿಗೆ ಸಿಕ್ಕಿತು. ಡಿಸ್ಕಿನ ಬದಲಿಗೆ 40 ಡಾಲರಿನ ಎಸ್‌ಎಸ್‌ಡಿಯನ್ನೂ ಹಾಕಿದೆ. ಯಂತ್ರ ತೆರೆದುಕೊಳ್ಳಲು ಮೂರು ನಿಮಿಷ ಹಿಡಿಯುತ್ತಿದ್ದುದು ಅರ್ಧ ನಿಮಿಷಕ್ಕಿಳಿದದ್ದು ಕಾರ್ಡಿನಿಂದಲ್ಲ, ಇದರಿಂದ.

ಇನ್ನು ಕಾರ್ಡಿನ ಆಯ್ಕೆ. ನಾನು ಪರಿಶೀಲಿಸಿದ ಕೆಲವನ್ನು ಹೆಸರಿಸುತ್ತೇನೆ. ಇವೆಲ್ಲ 75 ವ್ಯಾಟಿನ ಒಳಗಿನವು. 2016ರಲ್ಲಿ 139 ಡಾಲರಿಗೆ ಬಂದ ಜಿಟಿಎಕ್ಸ್ 1050 ಟಿಐ ಬಹುಕಾಲ ಬಡವರ ಬಂಧುವಾಗಿತ್ತು. ಈಗಲೂ ಕೆಲಸ ಮಾಡುತ್ತದೆ, ಆದರೆ ಅದರ ಇಡೀ ಪಾಸ್ಕಲ್ ಕುಟುಂಬಕ್ಕೆ ಹೊಸ ಆಟಗಳಿಗೆಂದು ಚಾಲಕ ತಂತ್ರಾಂಶ ಬರೆಯುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. 2028ರ ಅಕ್ಟೋಬರಿನ ತನಕ ರಕ್ಷಣೆಯ ತಿದ್ದುಪಡಿ ಮಾತ್ರ ಎಂದು ಪ್ರಕಟಿಸಿತು. ಅದೇ ಕುಟುಂಬದ ಕಿರಿಯ ಜಿಟಿ 1030ರಲ್ಲಿ ಇನ್ನೊಂದು ಬಲೆಯಿದೆ. 2017ರಲ್ಲಿ ಬಂದದ್ದಕ್ಕೆ ಒಂದು ಜಾತಿಯ ವೇಗದ ಮೆಮೊರಿ, 2018ರಲ್ಲಿ ಅದೇ ಹೆಸರಿನಲ್ಲಿ ಬಂದದ್ದಕ್ಕೆ ಡಿಡಿಆರ್ 4 ಎಂಬ ಸಾಮಾನ್ಯ ಮೆಮೊರಿ. ಎರಡನೆಯದರ ಹರಿವು ಮೊದಲನೆಯದರ ಸುಮಾರು ಮೂರನೆಯ ಒಂದು ಭಾಗ. ಪೆಟ್ಟಿಗೆಯ ಮೇಲಿನ ಹೆಸರು ಒಂದೇ! ಔಷಧಿಯಲ್ಲಿ ಹೀಗೆ ಮಾಡಿದರೆ ನಮ್ಮನ್ನು ಜೈಲಿಗೆ ಹಾಕುತ್ತಾರೆ.

ಎಎಂಡಿಯ ಆರ್‌ಎಕ್ಸ್ 6400 2022ರಲ್ಲಿ 159 ಡಾಲರಿಗೆ ಅಂಗಡಿಗೆ ಬಂತು. 53 ವ್ಯಾಟ್ ಸಾಕು, ತೆಳು ಪೆಟ್ಟಿಗೆಗೂ ಹೊಂದುವ ರೂಪದಲ್ಲಿ ಸಿಗುತ್ತದೆ. ಆದರೆ ಅದು ಮದರ್‌ಬೋರ್ಡಿನೊಡನೆ ಮಾತನಾಡುವುದು 16 ಓಣಿಗಳ ಬದಲು ನಾಲ್ಕೇ ಓಣಿಗಳಲ್ಲಿ. ಹೊಸ ಯಂತ್ರದಲ್ಲಿ ಪ್ರತಿ ಓಣಿಯೂ ಅಗಲವಾದ್ದರಿಂದ ನಡೆದುಹೋಗುತ್ತದೆ. ನಮ್ಮಂತಹ ಮೂರನೆಯ ತಲೆಮಾರಿನ ಕಿಂಡಿಯಲ್ಲಿ 16 ಓಣಿಗಳಿಗೆ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಾಗುವುದಾದರೆ ನಾಲ್ಕಕ್ಕೆ ಸುಮಾರು ನಾಲ್ಕೇ. ಹಳೆಯ ಯಂತ್ರದವರಿಗೆಂದೇ ಹೇಳಿ ಮಾಡಿಸಿದಂತಿರುವ ಕಾರ್ಡ್ ಹಳೆಯ ಯಂತ್ರದಲ್ಲಿಯೇ ಸೊರಗುವುದು ವಿಪರ್ಯಾಸ. ಮೇಲಾಗಿ ಅದು ಮಡಿಸಿದ ಚಿತ್ರವನ್ನು ಬಿಡಿಸಬಲ್ಲದು, ಹೊಸದಾಗಿ ಮಡಿಸಲಾರದು. ಚಿತ್ರ ಜೋಡಿಸುವವರಿಗೆ ಅದು ಕೊರತೆ. ಇಂಟೆಲಿನ ಆರ್ಕ್ ಎ380 ಮಡಿಸುವುದರಲ್ಲಿ ನಿಪುಣ, 6 ಗಿಗಾಬೈಟ್ ಮೆಮೊರಿಯೂ ಉಂಟು. ಆದರೆ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಮದರ್‌ಬೋರ್ಡಿನಲ್ಲಿ ಇಲ್ಲದಿದ್ದರೆ ಆಟಗಳಲ್ಲಿ ಅದರ ಶಕ್ತಿ ಬಹಳ ಕುಗ್ಗುತ್ತದೆ, 2014ರ ಕಚೇರಿ ಯಂತ್ರಗಳಲ್ಲಿ ಅದಿರುವುದಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಗಿಗಾಬೈಟಿನ ರೂಪ 70 ವ್ಯಾಟಿನಲ್ಲಿ ಇವೆಲ್ಲಕ್ಕಿಂತ ಬಲಶಾಲಿ. ಅದೇ ಹೆಸರಿನ 8 ಗಿಗಾಬೈಟಿನದು ಪ್ರತ್ಯೇಕ ತಂತಿ ಕೇಳುತ್ತದೆ, ಎಚ್ಚರ. ಹೊಸದನ್ನೇ ಕೊಳ್ಳುತ್ತೇನೆನ್ನುವವರಿಗೆ, ಮುಂದೆ ಬೇರೆ ಯಂತ್ರಕ್ಕೂ ಅದನ್ನು ಒಯ್ಯುವ ಯೋಚನೆ ಇದ್ದವರಿಗೆ, ನಾನು ಅದನ್ನೇ ಹೇಳುತ್ತೇನೆ.

ನಾನು ಕೊಂಡದ್ದು ಮೊದಲು ಹೆಸರಿಸಿದ ಜಿಟಿಎಕ್ಸ್ 1650. ಸೆಕೆಂಡ್ ಹ್ಯಾಂಡ್, 85 ಡಾಲರ್. ಅದು ಟ್ಯೂರಿಂಗ್ ಎಂಬ ಮುಂದಿನ ಕುಟುಂಬದ್ದಾದ್ದರಿಂದ ಪಾಸ್ಕಲ್‌ನ ನಿವೃತ್ತಿ ಅದಕ್ಕೆ ತಗಲಲಿಲ್ಲ. ಇಲ್ಲಿಯೂ ಒಂದು ಸೂಕ್ಷ್ಮ: ಇದೇ ಹೆಸರಿನಲ್ಲಿ ಕೆಲವು ತಯಾರಕರು ವೇಗ ಹೆಚ್ಚಿಸಿ ಆರು ಸೂಜಿಯ ಕಿಂಡಿ ಇಟ್ಟಿದ್ದಾರೆ. ಹೆಸರನ್ನು ನಂಬದೆ, ಮಾರುವವರಿಂದ ಕಾರ್ಡಿನ ಆ ಅಂಚಿನ ಚಿತ್ರ ತರಿಸಿಕೊಂಡು ನೋಡಿಯೇ ದುಡ್ಡು ಕೊಟ್ಟೆ.

ಸೆಕೆಂಡ್ ಹ್ಯಾಂಡ್ ಎಂದರೆ ನಮ್ಮವರಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. 2021ರ ಸುಮಾರಿಗೆ ಈಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಣಿಗಾರಿಕೆಗಾಗಿ ಜನ ಕಾರ್ಡುಗಳನ್ನು ಮುಗಿಬಿದ್ದು ಕೊಂಡು ಹಗಲಿರುಳು ದುಡಿಸಿದ್ದರು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ವ್ಯವಸ್ಥೆಯೇ ಬದಲಾಗಿ ಕಾರ್ಡುಗಳ ಅಗತ್ಯ ತಪ್ಪಿತು, ದುಡಿದು ದಣಿದವೆಲ್ಲ ಮಾರುಕಟ್ಟೆಗೆ ಬಂದವು. ದಣಿದ ಕಾರ್ಡಿನಲ್ಲಿ ಹೆಚ್ಚಾಗಿ ಸವೆಯುವುದು ಪಂಖ ಮತ್ತು ಶಾಖ ಸಾಗಿಸುವ ಲೇಪ. ಎರಡನ್ನೂ ಅಗ್ಗವಾಗಿ ಬದಲಿಸಬಹುದು. ಅದಕ್ಕಿಂತ ಹೆದರಬೇಕಾದದ್ದು ವೇಷಧಾರಿಗಳಿಗೆ. ಬಹಳ ಹಳೆಯ ಕಾರ್ಡಿನ ಒಳಗಿನ ಬರಹವನ್ನು ತಿದ್ದಿ, 1050 ಟಿಐ ಎಂದು ಯಂತ್ರವೇ ನಂಬುವಂತೆ ಮಾಡಿ ಮಾರಿದ್ದುಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂತಹ ವೇಷವನ್ನು ಬಯಲು ಮಾಡುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಅದನ್ನು ಓಡಿಸಿ ನೋಡಬೇಕು.

ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೆ ಅಗ್ಗವಲ್ಲವೇ ಎಂದು ಇಬ್ಬರು ಕೇಳಿದ್ದಾರೆ. ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ, ನಿಜ. ಆದರೆ ಹೊಸ ಕಾರ್ಡಿನ ಮೇಲೆ ಅಲ್ಲಿ ನೂರಕ್ಕೆ 18ರಷ್ಟು ಜಿಎಸ್‌ಟಿ ಇದೆ, ಅಲ್ಲಿನ ಗ್ಯಾರಂಟಿ ಇಲ್ಲಿ ನಡೆಯುತ್ತದೆಂಬ ಭರವಸೆ ಇಲ್ಲ. ಹಳೆಯ ಯಂತ್ರವನ್ನೇ ಊರಿನ ಅಣ್ಣನ ಮಕ್ಕಳಿಗೆ ಒಯ್ದು ಕೊಡುವವರು ಇನ್ನೊಂದನ್ನು ಗಮನಿಸಬೇಕು. ಕೆಲವು ಹಳೆಯ ವಿದ್ಯುತ್ ಪೆಟ್ಟಿಗೆಗಳ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಪುಟ್ಟ ಕೆಂಪು ಗುಂಡಿ ಇರುತ್ತದೆ. 115ರಲ್ಲಿಯೇ ಬಿಟ್ಟು ಊರಿನ 230 ವೋಲ್ಟಿಗೆ ಸಿಕ್ಕಿಸಿದರೆ ಪಟಾಕಿಯ ಸದ್ದು ಕೇಳಿಸುತ್ತದೆ. ಗುಂಡಿಯಿಲ್ಲದ ಪೆಟ್ಟಿಗೆಯಾದರೆ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದೆಯೇ ಎಂದು ಓದಿಕೊಂಡರೆ ಸಾಕು.

ಜೋಡಿಸುವ ಕೆಲಸ ಅರ್ಧ ಗಂಟೆಯದು. ಹಳೆಯ ಚಾಲಕ ತಂತ್ರಾಂಶವನ್ನು ತೆಗೆದುಹಾಕಿ, ಗೋಡೆಯ ತಂತಿ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಮೈಯಲ್ಲಿನ ಸ್ಥಿರವಿದ್ಯುತ್ ಇಳಿಯಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಬೇಕು. ಚಳಿಗಾಲದಲ್ಲಿ ಕಂಬಳಿ ಹಾಸಿನ ಮೇಲೆ ನಿಂತು ಈ ಕೆಲಸ ಬೇಡ. ಧೂಳನ್ನು ಊದಿ ತೆಗೆಯಿರಿ. ನಮ್ಮ ಯಂತ್ರದ ಪಂಖದಲ್ಲಿ ಹತ್ತು ವರ್ಷದ ಧೂಳು ಹಾಸಿಗೆಯಂತೆ ಕುಳಿತಿತ್ತು. ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಕಾರ್ಡನ್ನು ಕಿಂಡಿಗೆ ನೇರವಾಗಿ ಒತ್ತಿ, ಕೊಂಡಿ ಕಚ್ಚಿದ ಸದ್ದು ಕೇಳಿದ ಮೇಲೆ ತಿರುಪು ಬಿಗಿಯಬೇಕು. ಪರದೆಯ ತಂತಿಯನ್ನು ಮದರ್‌ಬೋರ್ಡಿನ ಹಳೆಯ ಕಿಂಡಿಯಿಂದ ತೆಗೆದು ಕಾರ್ಡಿನ ಕಿಂಡಿಗೇ ಸಿಕ್ಕಿಸಬೇಕು. ಇದನ್ನು ಮರೆತು, ಹೊಸ ಕಾರ್ಡಿನಿಂದ ಏನೂ ಉಪಯೋಗವಾಗಲಿಲ್ಲವೆಂದು ತಿಂಗಳುಗಟ್ಟಲೆ ಶಪಿಸಿದವರು ಈ ಸಭೆಯಲ್ಲಿಯೇ ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಇಷ್ಟೆಲ್ಲ ಆದಮೇಲೂ, ಹಳೆಯ ಯಂತ್ರಕ್ಕೆ ದುಡ್ಡು ಹಾಕುವುದೇ ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತಿದ್ದುಪಡಿ ಕೊಡುವ ಏರ್ಪಾಡು ಮಾಡಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲಿನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನು, ಎಂದರೆ ಸ್ಥೂಲವಾಗಿ 2017ರ ಕೊನೆಯಿಂದ ಈಚಿನವನ್ನು. ನಮ್ಮದು ನಾಲ್ಕನೆಯದು. ಅಂತಹ ಯಂತ್ರಕ್ಕೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು, ನಾವು ಈಗ ಹಾಗೆಯೇ ಮಾಡಿದ್ದೇವೆ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ನನ್ನ ಹೆಂಡತಿ ಅದರಲ್ಲಿ ಮಾಡಲೊಪ್ಪುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಕಾರ್ಡಿಗೆ ನೂರು ಡಾಲರ್ ಮೀರಿ ಕೊಡಬೇಕಾಗಿ ಬಂದರೆ, ಅದರ ಜೊತೆಗೆ ವಿದ್ಯುತ್ ಪೆಟ್ಟಿಗೆಯನ್ನೂ ಬದಲಿಸಬೇಕಾಗಿ ಬಂದರೆ, ನಿಂತು ಯೋಚಿಸಿ. ಆ ಹಣಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಎಂಟನೆಯ ತಲೆಮಾರಿನ ಇನ್ನೊಂದು ಕಚೇರಿ ಯಂತ್ರವೇ ಸಿಗಬಹುದು. ಅದರ ಒಳಗಿನ ಪುಟ್ಟ ಚಿತ್ರವಿಭಾಗಕ್ಕೆ ಎಚ್ 265 ಬಿಡಿಸಲು ಹುಟ್ಟಿನಿಂದಲೇ ಬರುತ್ತದೆ. ತೆಗೆದಿಟ್ಟ ಕಾರ್ಡನ್ನು ಅದಕ್ಕೂ ಹಾಕಬಹುದು, ಅಳತೆಯೂ ವ್ಯಾಟೂ ಹೊಂದಿದರೆ.

ನನ್ನ ಲೆಕ್ಕಪತ್ರ ಹೀಗಿದೆ. ಪರೀಕ್ಷಿಸದೆ ಮಾಡಿದ ಚಿಕಿತ್ಸೆಗೆ 208 ಡಾಲರ್. ಪರೀಕ್ಷಿಸಿ ಮಾಡಿದ್ದಕ್ಕೆ ಕಾರ್ಡ್ 85, ಎಸ್‌ಎಸ್‌ಡಿ 40, ಮೆಮೊರಿ 12, ಒಟ್ಟು 137. ಅಜ್ಜಿಯ ಚಿತ್ರ ಈಗ ತಡೆಯಿಲ್ಲದೆ ಓಡುತ್ತದೆ. ವರ್ಷಾಂತಿಕದ ದಿನ 42 ನಿಮಿಷದ ಸಾಕ್ಷ್ಯಚಿತ್ರವನ್ನು ಎಲ್ಲರೂ ನೋಡಿದರು. ಮುಳುಗಿದ ಊರಿನ ದಾರಿಯನ್ನು ಆಕೆ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುವ ಭಾಗವನ್ನು ನನ್ನ ಅಕ್ಕ ಎರಡು ಸಲ ಹಾಕಿಸಿದಳು.

ಆ ಹತ್ತೂವರೆ ಅಂಗುಲದ ಕಾರ್ಡೂ, 550 ವ್ಯಾಟಿನ ವಿದ್ಯುತ್ ಪೆಟ್ಟಿಗೆಯೂ ನಮ್ಮ ಗ್ಯಾರೇಜಿನ ಕಪಾಟಿನಲ್ಲಿ ಹಾಗೆಯೇ ಕುಳಿತಿವೆ. ಎರಡೂ ಆರೋಗ್ಯವಾಗಿವೆ. ನಿಮ್ಮಲ್ಲಿ ಯಾರ ಮನೆಯ ಯಂತ್ರಕ್ಕೆ 24 ಸೂಜಿಗಳ ಮದರ್‌ಬೋರ್ಡೂ ಅಷ್ಟು ಉದ್ದದ ಜಾಗವೂ ಇದೆಯೋ ಅವರು ಸಂತೋಷದಿಂದ ಒಯ್ಯಬಹುದು, ದುಡ್ಡು ಬೇಡ. ಬರುವಾಗ ಪೆಟ್ಟಿಗೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅದನ್ನು ನೋಡದೆ ನಾನು ಕೊಡುವುದಿಲ್ಲ.